ಆ ಕಲ್ಲು ಸಾಗಿಸಿದವನ ಹೆಸರು ಮೆರೆರ್

ಓದುಗರೊಬ್ಬರು, ದಾವಣಗೆರೆ: ಈಜಿಪ್ಟಿನ ಪಿರಮಿಡ್ಡನ್ನು ಮನುಷ್ಯರು ಕಟ್ಟಿರಲು ಸಾಧ್ಯವೇ ಇಲ್ಲ. ಕಬ್ಬಿಣದ ಉಳಿ, ಕ್ರೇನು ಏನೂ ಇಲ್ಲದ ಕಾಲ ಅದು. ಬೇರೆ ಗ್ರಹದವರು ಬಂದೇ ಕಟ್ಟಿರಬೇಕು. ಇತಿಹಾಸಕಾರರು ಈ ಪ್ರಶ್ನೆಯಿಂದ ಯಾಕೆ ತಪ್ಪಿಸಿಕೊಳ್ಳುತ್ತಾರೆ?

ಸಂಪಾದಕರು: ನಿಮ್ಮ ಬೆರಗು ಸಹಜ. ಗಿಜಾದ ದೊಡ್ಡ ಪಿರಮಿಡ್ಡಿನಲ್ಲಿ ಸುಮಾರು 23 ಲಕ್ಷ ಕಲ್ಲುಗಳಿವೆ. ಕಟ್ಟಿ ಮುಗಿಸಿದಾಗ ಅದು 146 ಮೀಟರ್ ಎತ್ತರವಿತ್ತು. ಕಲ್ಲುಗಳನ್ನು ಎಳೆದೊಯ್ದ ಇಳಿಜಾರು ದಾರಿ ನೇರಕ್ಕಿತ್ತೋ, ಸುತ್ತಿಕೊಂಡು ಹೋಗಿತ್ತೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಅಷ್ಟನ್ನು ಒಪ್ಪುತ್ತೇನೆ. ಆದರೆ ಇತಿಹಾಸಕಾರರು ತಪ್ಪಿಸಿಕೊಂಡರು ಎಂದಿರಲ್ಲ, ಅದು ಸರಿಯಲ್ಲ. ಅವರು ಉತ್ತರವನ್ನು ಮಣ್ಣಿನೊಳಗಿಂದ ಅಗೆದು ತೆಗೆದಿದ್ದಾರೆ. ಬೇರೆ ಗ್ರಹದವರ ವಿಡಿಯೋ ನೋಡುವ ಮೊದಲು ನೀವು ಅದನ್ನು ಓದಬೇಕಿತ್ತು.

2013ರಲ್ಲಿ ಕೆಂಪು ಸಮುದ್ರದ ದಂಡೆಯ ವಾದಿ ಅಲ್-ಜರ್ಫ್‌ನಲ್ಲಿ ಫ್ರಾನ್ಸಿನ ಪಿಯೆರ್ ತಾಲೆ ಅವರ ತಂಡಕ್ಕೆ ಪಪೈರಸ್ ಹಾಳೆಗಳು, ಅಂದರೆ ಜೊಂಡಿನಿಂದ ಮಾಡಿದ ಕಾಗದಗಳು, ಸಿಕ್ಕವು. ಬರಹವಿರುವ ಪಪೈರಸ್‌ಗಳಲ್ಲಿ ಇದುವರೆಗೆ ಸಿಕ್ಕ ಅತ್ಯಂತ ಹಳೆಯವು ಇವೇ. ಸುಮಾರು 4500 ವರ್ಷ ಹಿಂದಿನವು. ಅದರಲ್ಲಿ ಮೆರೆರ್ ಎಂಬ ಮೇಸ್ತ್ರಿಯ ತಂಡದ ದಿನಚರಿ ಇದೆ. ನೈಲ್ ನದಿಯ ಆಚೆ ದಡದ ತುರಾದಲ್ಲಿ ಸುಣ್ಣಕಲ್ಲನ್ನು ದೋಣಿಗೆ ತುಂಬಿದರು. ಕಾಲುವೆ ಹಿಡಿದು ಗಿಜಾಕ್ಕೆ ಬಂದರು. ಇಳಿಸಿದರು, ಮತ್ತೆ ಹೊರಟರು. ರಾತ್ರಿ ಎಲ್ಲಿ ಉಳಿದರು ಎಂಬುದೂ ಅದರಲ್ಲಿದೆ. ನಮ್ಮ ಊರಿನ ಯಾವುದೋ ಗುತ್ತಿಗೆದಾರನ ಲೆಕ್ಕದ ಪುಸ್ತಕ ಓದಿದ ಹಾಗಾಗುತ್ತದೆ. ಮೇಲ್ವಿಚಾರಣೆಗೆ ಇದ್ದವನು ಈ ಪಿರಮಿಡ್ಡನ್ನು ಕಟ್ಟಿಸಿದ ಖುಫು ದೊರೆಯ ಮಲಸಹೋದರ ಅಂಖ್‌ಹಾಫ್. ಎಲ್ಲರಿಗೂ ಹೆಸರಿದೆ, ಕೆಲಸವಿದೆ. ಇವರ ನಡುವೆ ಬೇರೆ ಗ್ರಹದವರಿಗೆ ಜಾಗ ಎಲ್ಲಿದೆ ಹೇಳಿ?

ಪಿರಮಿಡ್ಡುಗಳಿಂದ ಸ್ವಲ್ಪ ದೂರದಲ್ಲೇ ಕೆಲಸಗಾರರ ಊರನ್ನೂ ಅಗೆದು ತೆಗೆದಿದ್ದಾರೆ. ರೊಟ್ಟಿ ಸುಡುವ ಮನೆಗಳು ಸಿಕ್ಕಿವೆ. ತಿಂದು ಬಿಸಾಕಿದ ದನ, ಕುರಿ, ಆಡಿನ ಮೂಳೆಗಳು ರಾಶಿರಾಶಿ ಸಿಕ್ಕಿವೆ. ಹತ್ತಿರದಲ್ಲೇ ಅವರ ಸಮಾಧಿಗಳಿವೆ. ಅಲ್ಲಿನ ಅಸ್ಥಿಪಂಜರಗಳನ್ನು ನೋಡಿದರೆ ಬೆನ್ನುಮೂಳೆ ಸವೆದಿದೆ. ಮುರಿದ ಕೈಯನ್ನು ಯಾರೋ ನೆಟ್ಟಗೆ ಕಟ್ಟಿದ್ದಾರೆ, ಅದು ಕೂಡಿಕೊಂಡಿದೆ. ಬಿಟ್ಟಿ ಚಾಕರಿ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಈ ಜನಕ್ಕೆ ತಮ್ಮ ಕೆಲಸದ ಬಗ್ಗೆ ಹೆಮ್ಮೆಯೂ ಇತ್ತು. ತಮ್ಮ ಗುಂಪಿಗೆ 'ಖುಫುವಿನ ಗೆಳೆಯರು' ಎಂಬಂಥ ಹೆಸರಿಟ್ಟುಕೊಂಡು ಕಲ್ಲಿನ ಮೇಲೆ ಬಣ್ಣದಲ್ಲಿ ಬರೆದು ಹೋಗಿದ್ದಾರೆ.

ನನಗೆ ಇನ್ನೂ ಇಷ್ಟವಾದದ್ದು ಈ ಪಿರಮಿಡ್ಡಿಗಿಂತ ಸಾವಿರ ವರ್ಷಕ್ಕೂ ಈಚಿನ ಸಂಗತಿ. ದೊರೆಗಳ ಸಮಾಧಿ ಕೊರೆಯುತ್ತಿದ್ದವರ ಊರು ದೇರ್ ಎಲ್-ಮದೀನ. ಅಲ್ಲಿಯ ಹಾಜರಿ ಪಟ್ಟಿಯೊಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಯಾರು ಯಾಕೆ ಬರಲಿಲ್ಲ ಎಂದು ಬರೆದಿದ್ದಾರೆ. ಒಬ್ಬನಿಗೆ ಚೇಳು ಕಚ್ಚಿದೆ. ಒಬ್ಬನಿಗೆ ಕಣ್ಣುನೋವು. ಇನ್ನೊಬ್ಬ ಮನೆಯಲ್ಲಿ ಬಿಯರ್ ಮಾಡುತ್ತಿದ್ದಾನೆ. ಮುಂದೆ ಮೂರನೇ ರಾಮ್ಸೆಸ್ ಆಳ್ವಿಕೆಯ 29ನೇ ವರ್ಷದಲ್ಲಿ ಇವರಿಗೆ ಸಂಬಳದ ಧಾನ್ಯ ಸರಿಯಾಗಿ ಬರಲಿಲ್ಲ. ಹಸಿವು ಎಂದು ಕೂಗಿ, ಕೆಲಸ ಬಿಟ್ಟು, ದೇವಸ್ಥಾನದ ಹಿಂದೆ ಹೋಗಿ ಕುಳಿತರು. ನಮಗೆ ಗೊತ್ತಿರುವ ಮೊದಲ ಮುಷ್ಕರ ಇದೇ. ಅಧಿಕಾರಿಗಳು ಕೊನೆಗೆ ಧಾನ್ಯ ಕೊಡಲೇಬೇಕಾಯಿತು.

ಇಂಥ ಜನರ ಬೆವರನ್ನು ಆಕಾಶದಿಂದ ಇಳಿದವರ ಲೆಕ್ಕಕ್ಕೆ ಬರೆದರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಇನ್ನೊಂದು ಗಮನಿಸಿ. ಯೂರೋಪಿನ ದೊಡ್ಡ ಚರ್ಚುಗಳನ್ನು ಬೇರೆ ಗ್ರಹದವರು ಕಟ್ಟಿದರು ಎಂದು ಯಾರಾದರೂ ಹೇಳುತ್ತಾರಾ? ಈ ಅನುಮಾನವೆಲ್ಲ ಆಫ್ರಿಕಾ, ಏಷ್ಯಾ, ಮೆಕ್ಸಿಕೋದವರ ಪಾಲಿಗೇ ಬರುತ್ತದೆ. ಆಫ್ರಿಕಾದ ಗ್ರೇಟ್ ಜಿಂಬಾಬ್ವೆಯ ಕಲ್ಲುಕೋಟೆಯನ್ನು ಅಲ್ಲಿನವರೇ ಕಟ್ಟಿದರು ಎಂದು ಪುರಾತತ್ವಜ್ಞೆ ಗರ್ಟ್ರೂಡ್ ಕೇಟನ್-ಥಾಂಪ್ಸನ್ 1929ರಲ್ಲೇ ಅಗೆದು ತೋರಿಸಿದರು. ಅಲ್ಲಿನ ಬಿಳಿಯರ ಸರ್ಕಾರಕ್ಕೆ ಆಮೇಲೆ ಎಷ್ಟೋ ಕಾಲ ಅದು ರುಚಿಸಲಿಲ್ಲ.

ನಾವೇನು ಕಡಿಮೆಯೇ? ಗಂಗಾವತಿ ಹತ್ತಿರದ ಹಿರೇಬೆಣಕಲ್ ಬೆಟ್ಟದ ಮೇಲೆ ನೂರಾರು ಕಲ್ಲುಮನೆಗಳಿವೆ. 2000 ವರ್ಷಕ್ಕೂ ಹಳೆಯವು. ಕಲ್ಲನ್ನು ಅಲ್ಲೇ ಎಬ್ಬಿಸಿದ ಗುರುತೂ ಇದೆ. ಆದರೂ ಯಾರೋ ಮೋರೇರು ಕಟ್ಟಿದರು, ಅವರು ಕುಳ್ಳರು ಎಂಬ ಕಥೆಯೇ ಜಾಸ್ತಿ ಓಡುತ್ತದೆ. ಬೇಲೂರಿಗೆ ಹೋದವರೆಲ್ಲ ಜಕಣಾಚಾರಿಯ ಕಥೆ ಕೇಳಿ ಬರುತ್ತಾರೆ. ಆದರೆ ಅಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಕೆಲಸದ ಕೆಳಗೆ ಹೆಸರು ಕೊರೆದಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ಎಷ್ಟೋ ವಿಗ್ರಹಗಳಿಗೆ ಸಹಿ ಹಾಕಿದ್ದಾನೆ. ಈ ಮೂವರ ಹೆಸರು ಶಾಲೆಯ ಎಷ್ಟು ಮಕ್ಕಳಿಗೆ ಗೊತ್ತು? ಪರೀಕ್ಷೆಯಲ್ಲಿ ಕೇಳುವುದು 'ಯಾವ ದೊರೆ ಕಟ್ಟಿಸಿದ' ಎಂದಷ್ಟೇ. ಕಲ್ಲಿನಲ್ಲಿ ಕನ್ನಡದಲ್ಲೇ ಕೊರೆದಿದ್ದನ್ನೂ ನಾವು ಓದುವುದಿಲ್ಲ.

ಅನ್ಯಗ್ರಹದವರ ಬಗ್ಗೆ ಒಂದು ವಿಶೇಷ ಲೇಖನ ಹಾಕಿ ಎಂದೂ ನೀವು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಹಾಕುವುದಿಲ್ಲ. ನೀವು ಚೆನ್ನಾಗಿ ಬರೆಯುತ್ತೀರಿ, ಕುತೂಹಲವೂ ಇದೆ. ಬೇಲೂರು ನಿಮಗೇನು ತುಂಬ ದೂರವಲ್ಲ. ಒಮ್ಮೆ ಹೋಗಿ, ಶಿಲ್ಪಗಳ ಕೆಳಗಿನ ಹೆಸರುಗಳನ್ನು ಓದಿ, ಬರೆದು ಕಳಿಸಿ. ಅದನ್ನು ಖಂಡಿತ ಹಾಕುತ್ತೇವೆ.