ರಂಗಪ್ಪ ಅವರಿಗೆ ಭಾವ

ಈ ಸಲ ನಾಲ್ಕು ಪತ್ರ ಬಿಳಿಗಿರಿರಂಗನ ಬೆಟ್ಟದ ಸುತ್ತಮುತ್ತಲಿಂದಲೇ ಬಂದಿವೆ. ನಾನು ಈ ಕಾಡಂಚಿನಲ್ಲಿ ಬಹಳ ವರ್ಷ ಟೀಚರ್ ಆಗಿದ್ದವಳು ಅಂತ ಯಾರೋ ಸುದ್ದಿ ಹಬ್ಬಿಸಿರಬೇಕು. ಇರಲಿ, ಗೊತ್ತಿದ್ದಷ್ಟು ಹೇಳುತ್ತೇನೆ.

ಪ್ರಶ್ನೆ: ಅಕ್ಕ, ನನ್ನ ಊರು ಮಂಡ್ಯ ಕಡೆ. ಕಾಡೊಳಗಿನ ಒಂದು ಸೋಲಿಗರ ಪೋಡಿನ (ಕಾಡಿನ ಬುಡಕಟ್ಟಿನವರ ಹಟ್ಟಿ) ಶಾಲೆಗೆ ಹಾಕಿದ್ದಾರೆ. ಮಕ್ಕಳು ಬಾಯೇ ಬಿಡುವುದಿಲ್ಲ. ಒಂದು ವಾರ ಬರುತ್ತಾರೆ, ಮುಂದಿನ ವಾರ ಅರ್ಧ ಕ್ಲಾಸ್ ಖಾಲಿ. ಜೋರು ಮಾಡಿದೆ, ಮಾರನೇ ದಿನ ಇನ್ನಿಬ್ಬರು ಬರಲಿಲ್ಲ. ಸಂಜೆಯಾದರೆ ಹೊರಗೆ ಕಾಲಿಡುವ ಹಾಗಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಟ್ರಾನ್ಸ್‌ಫರ್ ಕೇಳಲಾ?
– ಹೊಸ ಟೀಚರ್

ಉತ್ತರ: ಕೇಳು ತಂಗಿ, ಯಾರೂ ತಪ್ಪು ಅನ್ನುವುದಿಲ್ಲ. ಆದರೆ ಒಂದು ವರ್ಷ ಇದ್ದು ಆಮೇಲೆ ಕೇಳು.

ಮೊದಲು ಆ ಜೋರು ಮಾಡುವುದನ್ನು ಬಿಡು. ನಾನೂ ಮಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ನಮ್ಮ ಕಡೆ ಮಕ್ಕಳು ಬೈಸಿಕೊಂಡರೆ ಅಳುತ್ತವೆ, ಎದುರು ಮಾತಾಡುತ್ತವೆ, ಅಪ್ಪನನ್ನು ಕರೆದುಕೊಂಡು ಬರುತ್ತವೆ. ನನ್ನ ಕ್ಲಾಸಿನ ಸೋಲಿಗರ ಮಕ್ಕಳು ಇದ್ಯಾವುದನ್ನೂ ಮಾಡುತ್ತಿರಲಿಲ್ಲ. ಸುಮ್ನೆ ಎದ್ದು ಹೋಗುತ್ತಿದ್ದವು. ಒಬ್ಬ ಹುಡುಗ ಹಾಗೆ ಹೋದವನು ಎರಡು ತಿಂಗಳು ಬರಲೇ ಇಲ್ಲ. ಕೊನೆಗೆ ನಾನೇ ಅವರ ಮನೆಗೆ ಹೋಗಿ, ಅವರಜ್ಜಿ ಕೊಟ್ಟ ಕರಿ ಕಾಫಿ ಕುಡಿದು, ಬಂದ ವಿಷಯ ಎತ್ತದೆ ವಾಪಸ್ ಬಂದೆ. ಮೂರನೇ ದಿನ ಬಂದ.

ಕ್ಲಾಸ್ ಖಾಲಿಯಾಗುವುದು ನೀನು ಜೋರು ಮಾಡಿದ್ದಕ್ಕೆ ಮಾತ್ರ ಅಲ್ಲ. ಕಾಫಿ ಕೊಯ್ಲಿಗೆ ಎಷ್ಟೋ ಮನೆಯವರು ಎಸ್ಟೇಟಿಗೆ, ಕೊಡಗಿಗೆ ಹೋಗುತ್ತಾರೆ, ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲದಿದ್ದರೆ ಮಕ್ಕಳೂ ಜೊತೆಗೆ. ರೊಟ್ಟಿ ಹಬ್ಬ ಬಂದರೆ ಪೋಡಿಗೆ ಪೋಡೇ ಕಾಡಿಗೆ ಹೋಗುತ್ತದೆ, ಹೊಸ ರಾಗಿಯ ರೊಟ್ಟಿ ದೇವರಿಗಿಟ್ಟು ರಾತ್ರಿಯೆಲ್ಲ ಗೊರುಕನ ಅನ್ನುವ ತಮ್ಮ ಪದ ಹಾಡಿ ಕುಣಿಯುತ್ತಾರೆ. ಆ ದಿನ ನೀನು ಹಾಜರಿ ಕರೆದು ಏನು ಮಾಡುತ್ತೀಯ? ನೀನೂ ಹೋಗು.

ಇನ್ನು ಬಾಯಿ ಬಿಡದಿರುವ ವಿಷಯ. ಅವರ ಮನೆಮಾತು ಸೋಲಿಗನುಡಿ. ಕನ್ನಡಕ್ಕೆ ಹತ್ತಿರವೇ, ಆದರೆ ಪುಸ್ತಕದ ಕನ್ನಡ ಅಲ್ಲ. ಪಾಠ ಪಕ್ಕಕ್ಕಿಟ್ಟು ಒಂದು ದಿನ ಕಾಡಲ್ಲಿ ಎಷ್ಟು ಥರ ಇದೆ ಅಂತ ಕೇಳಿ ನೋಡು. ಕಾನು ಕಾಡು, ಮಲೆ ಕಾಡು, ನಾಡು ಕಾಡು, ಹುಲ್ಲಿನ ಬೋಳಿ ಅಂತ ಶುರು ಮಾಡಿ ಯಾವುದರಲ್ಲಿ ಯಾವ ಮರ, ಯಾವ ಗೆಡ್ಡೆ ಅಂತ ನಿನಗೇ ಪಾಠ ಹೇಳುತ್ತವೆ. ದಾರಿ ಬದಿಯೆಲ್ಲ ಲಂಟಾನ ಯಾಕೆ ಹೀಗೆ ಹಬ್ಬಿದೆ ಅಂತ ಅವರಜ್ಜನನ್ನು ಕೇಳು. ಹಿಂದೆ ತರಗು ಬೆಂಕಿ ಹಾಕುತ್ತಿದ್ದೆವು, ನೆಲದ ಒಣಗೆಲೆ ಮಾತ್ರ ಸುಡುತ್ತಿತ್ತು, ಅದನ್ನು ನಿಲ್ಲಿಸಿದ ಮೇಲೆ ಈ ಗಿಡ ಏರಿತು ಅನ್ನುತ್ತಾರೆ. ಅರಣ್ಯದವರು ಒಪ್ಪುತ್ತಾರೋ ಇಲ್ಲವೋ, ದಿನಾ ಅಲ್ಲೇ ನಡೆದವರ ಮಾತು ಅದು.

ಮತ್ತೆ, ಬೆಟ್ಟದ ರಂಗಪ್ಪನನ್ನು ಅವರು ಭಾವ ಅನ್ನುತ್ತಾರೆ. ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದವನು ತಾನೇ! ನಾವು ಕೈಮುಗಿದು ನಿಲ್ಲುವ ದೇವರನ್ನು ಮನೆ ಅಳಿಯನ ಹಾಗೆ ಮಾತಾಡಿಸುವ ಜನ, ನಿನ್ನ ಬೆತ್ತಕ್ಕೆ ಹೆದರುತ್ತಾರಾ?

ಸಿಗ್ನಲ್‌ಗೆ ನನ್ನ ಹತ್ತಿರ ಔಷಧಿ ಇಲ್ಲ. ಯಾವ ಬಂಡೆ ಹತ್ತಿದರೆ ಸಿಗುತ್ತದೆ ಅಂತ ಮಕ್ಕಳಿಗೆ ಗೊತ್ತಿರುತ್ತದೆ. ಹಗಲಲ್ಲಿ ಹತ್ತು.

ಪ್ರಶ್ನೆ: ನಮ್ಮ ತಂದೆ ಇಲ್ಲಿಗೆ ಬಂದು 40 ವರ್ಷ ಆಯಿತು. ಪಕ್ಕದ ಸೋಲಿಗರಿಗೆ ಅರಣ್ಯ ಹಕ್ಕುಪತ್ರ ಸಿಕ್ಕಿದೆ. ಅದೇ ನೆಲ, ಅದೇ ಮಳೆ, ಅದೇ ಆನೆ. ನಮ್ಮ ಅರ್ಜಿ ಮಾತ್ರ ವಜಾ. ಇದು ನ್ಯಾಯವಾ?
– ನೊಂದ ರೈತ

ಉತ್ತರ: ಸಿಟ್ಟು ಅರ್ಥವಾಗುತ್ತದೆ ಸ್ವಾಮಿ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆ ಹೇಳುವುದು ಹೀಗೆ. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲೇ ಆ ನೆಲದಲ್ಲಿ ಇರಬೇಕು. ಬೇರೆಯವರಾದರೆ ಆ ತಾರೀಖಿಗೆ ಮುಂಚೆ ಮೂರು ತಲೆಮಾರು ಕಾಡನ್ನು ನಂಬಿ ಅಲ್ಲೇ ಬದುಕಿರಬೇಕು. ಒಂದು ತಲೆಮಾರು ಅಂದರೆ 25 ವರ್ಷ, ಒಟ್ಟು 75. ನಿಮ್ಮ 40ಕ್ಕೆ ಅದು ಎಟಕುವುದಿಲ್ಲ. ಯಾರೋ ಏಜೆಂಟ್ ದುಡ್ಡು ಕೊಡಿ ಮಾಡಿಸಿಕೊಡುತ್ತೇನೆ ಅಂದರೆ ಕೊಡಬೇಡಿ.

ಅವರಿಗೆ ಮಾತ್ರ ಯಾಕೆ ಅಂದಿರಲ್ಲ. 1974ರಲ್ಲಿ ಇದು ಅಭಯಾರಣ್ಯ ಆದಾಗ ಅವರ ಕುಮರಿ ಬೇಸಾಯ (ಕಾಡು ಕಡಿದು ಸುಟ್ಟು, ಜಾಗ ಬದಲಿಸುತ್ತ ಮಾಡುವ ಬೇಸಾಯ) ನಿಂತಿತು, ಕಾಡೊಳಗಿದ್ದ ಎಷ್ಟೋ ಮನೆಗಳನ್ನು ಎಬ್ಬಿಸಿ ಒಂದೆಡೆ ಕೂರಿಸಿದರು. 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆಯಾಯಿತು, ಆಗ ಮತ್ತೆ ಭಯ. ಅವರು ಸಂಘ ಕಟ್ಟಿ, ಗ್ರಾಮಸಭೆ ಮಾಡಿ, ಹಳಬರ ಹೇಳಿಕೆ ಬರೆಸಿ ಓಡಾಡಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸಮುದಾಯ ಹಕ್ಕು ಸಿಕ್ಕಿತು. ದೇಶದಲ್ಲೇ ಒಂದು ಹುಲಿ ಸಂರಕ್ಷಿತ ಪ್ರದೇಶದಲ್ಲಿ ಹಾಗೆ ಸಿಕ್ಕಿದ್ದು ಅದೇ ಮೊದಲು. ಇನ್ನೊಂದು, ಆ ಹಕ್ಕುಪತ್ರದ ನೆಲ ಮಕ್ಕಳಿಗೆ ಹೋಗುತ್ತದೆ, ಮಾರುವ ಹಾಗಿಲ್ಲ. ಅವರ ಹತ್ತಿರ ಕೊಂಡುಕೊಳ್ಳೋಣ ಅನ್ನುವ ಯೋಚನೆ ಇದ್ದರೆ (ಪತ್ರದ ಕೊನೆ ಸಾಲು ನೋಡಿ ಹಾಗನ್ನಿಸಿತು) ಈಗಲೇ ಬಿಟ್ಟುಬಿಡಿ.

ಪ್ರಶ್ನೆ: ರಸ್ತೆ ಬದಿ ಜೇನು ಅಸಲಿಯಾ ಅಂತ ಹೇಗೆ ನೋಡುವುದು? ನೀರಿಗೆ ಹಾಕಿದರೆ ಗೊತ್ತಾಗುತ್ತದಂತೆ?
– ಪ್ರವಾಸಿ

ಉತ್ತರ: ನೀರಿಗೆ ಹಾಕುವುದು, ಬೆಂಕಿಕಡ್ಡಿ ಗೀರುವುದು ಎರಡನ್ನೂ ನಂಬಬೇಡಿ. ಗಟ್ಟಿ ಸಕ್ಕರೆ ಪಾಕವೂ ತಳಕ್ಕೆ ಇಳಿಯುತ್ತದೆ. ಗಟ್ಟಿಯಾಗಿ ಹರಳು ಕಟ್ಟಿದರೆ ಕಲಬೆರಕೆ ಅನ್ನುವುದೂ ಸುಳ್ಳು, ಒಳ್ಳೇ ಜೇನೂ ಹರಳು ಕಟ್ಟುತ್ತದೆ. ಸೋಲಿಗರ ಸಹಕಾರ ಸಂಘ ಇದೆ, ಅಲ್ಲಿ ಕೊಳ್ಳಿ. ಚೌಕಾಸಿ ಮಾಡುವ ಮುಂಚೆ ಒಂದು ಮಾತು: ಹೆಜ್ಜೇನು ಕೀಳುವುದು ಕತ್ತಲಲ್ಲಿ, ಎತ್ತರದ ಮರದಲ್ಲೋ ಬಂಡೆಯಲ್ಲೋ ನೇತಾಡಿಕೊಂಡು, ಕೈಯಲ್ಲೊಂದು ಹೊಗೆಯ ಪಂಜು ಹಿಡಿದು. ಅಷ್ಟು ಮಾಡಿಯೂ ತಟ್ಟಿಯನ್ನು ಪೂರ್ತಿ ಬಳಿದುಕೊಳ್ಳುವುದಿಲ್ಲ, ಸ್ವಲ್ಪ ಬಿಟ್ಟು ಇಳಿಯುತ್ತಾರೆ. ನೀವು ಅದಕ್ಕೆ ಇಪ್ಪತ್ತು ರೂಪಾಯಿ ಕಡಿಮೆ ಮಾಡಿ ಅನ್ನುತ್ತೀರಿ, ಅಲ್ವಾ?

ಪ್ರಶ್ನೆ: ರಿಟೈರ್ ಆದ ಮೇಲೆ ಕಾಡಂಚಿನಲ್ಲಿ ಎರಡು ಎಕರೆ ತೆಗೆದುಕೊಂಡಿದ್ದೇನೆ. ಮನೆ ಸುತ್ತ ಹಲಸು, ಬಾಳೆ ಹಾಕುವ ಆಸೆ. ರಾತ್ರಿ ಹೊರಗೆ ಕೂತು ಕಾಡಿನ ಸದ್ದು ಕೇಳಬೇಕು. ಸಲಹೆ ಕೊಡಿ.
– ನಿಸರ್ಗಪ್ರೇಮಿ

ಉತ್ತರ: ಹಲಸು ಹಣ್ಣಾದ ದಿನ ಸದ್ದು ನಿಮ್ಮ ಅಡುಗೆಮನೆ ಗೋಡೆಯಿಂದಲೇ ಕೇಳಿಸುತ್ತದೆ. ಆನೆಗೆ ಅದರ ವಾಸನೆ ಬಹಳ ದೂರದಿಂದ ಸಿಗುತ್ತದೆ, ಸೋಲಾರ್ ಬೇಲಿಯನ್ನು ಒಣಮರ ಬೀಳಿಸಿ ಮುರಿಯುವುದೂ ಅದಕ್ಕೆ ಗೊತ್ತು. ಬಾಳೆಯೂ ಬೇಡ, ಕಬ್ಬಂತೂ ಬೇಡವೇ ಬೇಡ. ಮೆಣಸಿನಕಾಯಿ, ಅರಿಶಿನ, ಶುಂಠಿ ಹಾಕಿ, ಅವುಗಳ ತಂಟೆಗೆ ಅದು ಅಷ್ಟಾಗಿ ಬರುವುದಿಲ್ಲ. ರಾತ್ರಿ ಬಚ್ಚಲಿಗೆ ಹೋಗುವುದಾದರೂ ಟಾರ್ಚ್ ಹಿಡಿದು ಹೋಗಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕುಯ್ಯಬೇಡಿ, ಕೈಕಾಲು ಆಡಿಸದೆ ಸೀದಾ ಆಸ್ಪತ್ರೆಗೆ ಹೋಗಿ. ಯಾವ ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಇಂಜೆಕ್ಷನ್ ಇರುತ್ತದೆ, ರಾತ್ರಿ ಯಾರ ಜೀಪು ಸಿಗುತ್ತದೆ ಅಂತ ಈಗಲೇ ಕೇಳಿಟ್ಟುಕೊಳ್ಳಿ. ಪಕ್ಕದ ಪೋಡಿನವರ ಜೊತೆ ಚೆನ್ನಾಗಿರಿ. ಆನೆ ಯಾವ ಕಡೆ ಇದೆ ಅಂತ ನಿಮಗೆ ಮೊದಲು ಹೇಳುವವರು ಅವರೇ.

ಹಲಸು ತಿನ್ನಬೇಕು ಅನ್ನಿಸಿದರೆ ಯಳಂದೂರಿಂದ ತನ್ನಿ. ಬಿಡಿಸಿಕೊಂಡು ತನ್ನಿ, ಸಿಪ್ಪೆ ಅಲ್ಲೇ ಬಿಟ್ಟು.