ಮುದಿ ನಾಯಿಯನ್ನು ಕಟ್ಟಿಹಾಕಬೇಡಿ, ಓಡಿಸಿ ಸುಸ್ತು ಮಾಡಲೂ ಬೇಡಿ

ಪ್ರಶ್ನೆ: ನಮ್ಮ ಕುರಿ ಕಾಯುವ ನಾಯಿಗೆ 9 ವರ್ಷ. ಬೆಳಿಗ್ಗೆ ಏಳುವಾಗ ಹಿಂಗಾಲು ಬಿಗಿದಿರುತ್ತದೆ, ಕೆಲಸಕ್ಕೆ ಇಳಿದರೆ ಸರಿಹೋಗುತ್ತದೆ. ಕೆಲಸ ಪೂರ್ತಿ ಬಿಡಿಸಬೇಕಾ?

ಬಿಡಿಸಬೇಡಿ. ವಾರಕ್ಕೊಮ್ಮೆಯಾದರೂ ಇದೇ ಪ್ರಶ್ನೆ ಬರುತ್ತದೆ, ಜತೆಗೆ ‘ಇಳಿದರೆ ಸರಿಹೋಗುತ್ತದೆ’ ಅನ್ನುವ ಸಮಾಧಾನವೂ. ಸರಿಹೋಗುವುದಿಲ್ಲ ಸ್ವಾಮಿ. ಕುರಿ ಕಂಡ ಕೂಡಲೇ ಈ ನಾಯಿಗಳಿಗೆ ನೋವು ಗೀವು ಒಂದೂ ನೆನಪಿರುವುದಿಲ್ಲ, ನಿಲ್ಲು ಅನ್ನುವವರೆಗೆ ಓಡುತ್ತವೆ, ಲೆಕ್ಕ ಚುಕ್ತಾ ಆಗುವುದು ಮರುದಿನ ಬೆಳಿಗ್ಗೆ. ಅದು ಮಲಗಿದಲ್ಲಿಂದ ಏಳುವುದನ್ನು ನೋಡಿ. ಮುಂಗಾಲಿನ ಮೇಲೆ ಭಾರ ಹಾಕಿ ಸೊಂಟ ಎಳೆದುಕೊಂಡು ಏಳುತ್ತಾ? ನಿನ್ನೆಗಿಂತ ಬಿಗಿತ ಜಾಸ್ತಿ ಇದ್ದರೆ ನಿನ್ನೆಯ ಕೆಲಸ ಅತಿಯಾಯಿತು, ಇವತ್ತು ಅರ್ಧಕ್ಕೆ ಇಳಿಸಿ. ಹಿಂಗಾಲಿನ ಉಗುರು ಮೇಲ್ಗಡೆ ಸವೆದಿದ್ದರೆ ನರದ ತೊಂದರೆಯೂ ಇರಬಹುದು, ಕಾಯಬೇಡಿ, ತೋರಿಸಿ.

ಸವೆದ ಕೀಲನ್ನು ಹಿಡಿದು ನಿಲ್ಲಿಸುವುದು ಸುತ್ತಲಿನ ಮಾಂಸಖಂಡ. ಕಟ್ಟಿಹಾಕಿದರೆ ತೊಡೆ ಸೊರಗುತ್ತದೆ, ಮೈ ಮಾತ್ರ ದಪ್ಪವಾಗುತ್ತದೆ. ಹಾಗಾಗಿ ಎರಡು ಗಂಟೆ ಒಂದೇ ಸಮನೆ ದುಡಿಸುವ ಬದಲು 20 ನಿಮಿಷದಂತೆ ಮೂರ್ನಾಲ್ಕು ಸಲ ದುಡಿಸಿ, ಪ್ರತಿ ಸಲ ಶುರುವಿಗೂ ಕೊನೆಗೂ 5-10 ನಿಮಿಷ ಸುಮ್ನೆ ನಡೆಸಿ. ಗಾಡಿಯಿಂದ ಹಾರುವುದು, ಗಕ್ಕನೆ ತಿರುಗಿ ಓಡುವುದು, ಮೊಂಡು ಟಗರಿಗೆ ಅಡ್ಡ ನಿಲ್ಲುವುದು ಎಲ್ಲ ಎಳೆ ನಾಯಿಯ ಪಾಲಿಗಿರಲಿ. ಹಿಂದುಳಿದ ಕುರಿಗಳನ್ನು ನಿಧಾನಕ್ಕೆ ಅಟ್ಟಿಕೊಂಡು ಬರುವ ಕೆಲಸ ಇದಕ್ಕೆ ಕೊಡಿ, ಚೆನ್ನಾಗಿಯೇ ಮಾಡುತ್ತದೆ. ವಾರವೆಲ್ಲ ಮಲಗಿಸಿ ಭಾನುವಾರ ಓಡಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಬಿಸಿಲೇರಿದ ಮೇಲೆ ಬೇಡವೇ ಬೇಡ.

ನಾನು ಸ್ವಲ್ಪ ಪುಕ್ಕಲು ವೈದ್ಯ, ಒಪ್ಪುತ್ತೇನೆ. ಈ ವಯಸ್ಸಿನ ನಾಯಿಯ ಎದೆಬಡಿತ ಕೇಳದೆ, ರಕ್ತ ಪರೀಕ್ಷೆ ನೋಡದೆ ಇಷ್ಟು ಓಡಿಸಿ ಅಂತ ಯಾರಿಗೂ ಬರೆದುಕೊಡುವುದಿಲ್ಲ.

ಪ್ರಶ್ನೆ: ನಾವು ನುಂಗುವ ನೋವಿನ ಮಾತ್ರೆಯನ್ನೇ ಅರ್ಧ ಕೊಡಬಹುದಾ?

ಕೊಡಬೇಡಿ. ಐಬುಪ್ರೊಫೇನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿಯನ್ನೂ ಕೆಡಿಸುತ್ತವೆ. ನಾಯಿಗೆ ಅಂತಲೇ ಬೇರೆ ನೋವಿನ ಔಷಧಿಗಳಿವೆ, ಅವನ್ನೂ ತೂಕ ನೋಡಿಯೇ ಕೊಡುವುದು.

ಪ್ರಶ್ನೆ: ಗೊತ್ತಿದ್ದವರೊಬ್ಬರು ಕೀಲಿಗೆ ಬರೆ ಹಾಕಿಸಿ ಅನ್ನುತ್ತಾರೆ.

ಮೊದಲು ಅವರ ಮಂಡಿಗೆ ಹಾಕಿಸಿಕೊಳ್ಳಲಿ. ಕೀಲು ಹಾಗೇ ಇರುತ್ತದೆ, ಸುಟ್ಟ ಗಾಯ ಮಾತ್ರ ಹೊಸದು.

ಪ್ರಶ್ನೆ: ನಾಯಿಯ ಒಂದು ವರ್ಷ ಅಂದರೆ ನಮ್ಮ ಏಳು ವರ್ಷ, ಅಲ್ವಾ?

ಅಲ್ಲ. ದೊಡ್ಡ ತಳಿಗಳು ಬೇಗ ಮುದಿಯಾಗುತ್ತವೆ, ಚಿಕ್ಕವು ತಡವಾಗಿ.

ಪ್ರಶ್ನೆ: ಈಚೆಗೆ ಕರೆದರೂ ಬರಲ್ಲ, ಹಠ ಜಾಸ್ತಿಯಾಗಿದೆ.

ಬೈಯುವ ಮೊದಲು ಅದರ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡಿ. ಕಿವಿ ಅಲುಗದಿದ್ದರೆ ಹಠ ಅಲ್ಲ, ಕೇಳಿಸುತ್ತಿಲ್ಲ. ಇವತ್ತಿನಿಂದಲೇ ಕೈಸನ್ನೆ ಕಲಿಸಿ, ರಸ್ತೆ ಪಕ್ಕ ಹಗ್ಗ ಬಿಚ್ಚಬೇಡಿ.