ಔಟಾದವನ ಹೆಸರಿನಲ್ಲಿ ಒಂದು ರನ್

ಪತ್ರ: ಕಳೆದ ಸಂಚಿಕೆಯ ಬೇಸ್‌ಬಾಲ್ ಲೇಖನದಲ್ಲಿ ‘ಸ್ಯಾಕ್ರಿಫೈಸ್ ಫ್ಲೈ’ಯನ್ನು (ಎತ್ತರಕ್ಕೆ ಹೊಡೆದವನು ಕ್ಯಾಚ್ ಔಟಾದರೂ ಓಟಗಾರನೊಬ್ಬ ರನ್ ಗಳಿಸುವ ಹೊಡೆತವನ್ನು) ‘ತ್ಯಾಗದ ಹೊಡೆತ’ ಎಂದು ಬರೆದಿದ್ದೀರಿ. ನ್ಯೂಜೆರ್ಸಿಯಲ್ಲಿ ನನ್ನ ಮಗನ ತಂಡದ ಸ್ಕೋರ್ ಪುಸ್ತಕವನ್ನು ನಾನೇ ಬರೆಯುತ್ತೇನೆ. ಹುಡುಗ ಹೋಮ್ ರನ್ನಿಗೆಂದೇ ಬೀಸುತ್ತಾನೆ, ಕ್ಯಾಚ್ ಆಗುತ್ತದೆ. ಇದರಲ್ಲಿ ತ್ಯಾಗ ಎಲ್ಲಿದೆ? ಔಟ್ ಎಂದರೆ ಸಾಲದೇ?

ಸಂಪಾದಕರ ಉತ್ತರ: ಸ್ಕೋರ್ ಪುಸ್ತಕ ಬರೆಯುವ ಓದುಗರೊಬ್ಬರು ನಮಗಿದ್ದಾರೆಂದು ತಿಳಿದು ಹಿಗ್ಗಿದೆ. ನಿಮ್ಮ ಮಾತಿನಲ್ಲಿ ಹುರುಳಿದೆ. ಮೆಲ್ಲಗೆ ತಟ್ಟುವ ಬಂಟ್‌ನಲ್ಲಾದರೆ ಆಟಗಾರನ ಉದ್ದೇಶವನ್ನು ಸ್ಕೋರರ್ ಅಳೆಯುತ್ತಾನೆ. ಎತ್ತರದ ಹೊಡೆತದಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಒಪ್ಪಿದೆ.

ಆದರೆ ‘ಔಟ್ ಎಂದರೆ ಸಾಲದೇ’ ಎಂದಿರಲ್ಲ, ಅದನ್ನು ನಾನು ಒಪ್ಪಲಾರೆ. ಮೂರನೇ ಬೇಸಿನಲ್ಲಿದ್ದ ಓಟಗಾರ ಕ್ಯಾಚ್ ಆದ ಮೇಲೆ ಓಡಿ ‘ಮನೆ’, ಅಂದರೆ ರನ್ ಸಿಗುವ ಕಡೆಯ ಬೇಸ್, ಸೇರಿದ್ದಾನೆ. ಆ ರನ್ ಆಕಾಶದಿಂದ ಉದುರಿತೇ?

ಸಾಲದು ಎಂದು ತಿಳಿಯಲು ಅಮೆರಿಕದವರಿಗೂ ಬಹಳ ಕಾಲ ಹಿಡಿಯಿತು. 1908ರಲ್ಲಿ ಇಂಥ ಔಟನ್ನು ಹೊಡೆದವನ ಸರಾಸರಿಯ, ಅಂದರೆ ಲೆಕ್ಕಕ್ಕೆ ಬರುವ ಸರದಿಗಳಲ್ಲಿ ಹಿಟ್ (ಔಟಾಗದೆ ಬೇಸ್ ಸೇರಿಸುವ ಹೊಡೆತ) ಎಷ್ಟು ಎಂಬುದರ, ಲೆಕ್ಕದಿಂದ ಬಿಟ್ಟರು. 1926ರಿಂದ ಇನ್ನಷ್ಟು ಉದಾರವಾಗಿ, ಓಟಗಾರ ಒಂದು ಬೇಸ್ ಮುಂದೆ ಹೋದರೂ ಸಾಕು ಎಂದರು. 1931ರಲ್ಲಿ ನಿಯಮವನ್ನೇ ಕಿತ್ತುಹಾಕಿದರು. 1939ರಲ್ಲಿ ಒಂದೇ ವರ್ಷಕ್ಕೆ ತಂದು ಮತ್ತೆ ಕೈಬಿಟ್ಟರು. 1954ರಲ್ಲಷ್ಟೇ ಅದು ನೆಲೆ ನಿಂತಿತು. ಆ ವರ್ಷವೇ ಬ್ರೂಕ್ಲಿನ್ ತಂಡದ ಗಿಲ್ ಹಾಡ್ಜಸ್ ಇಂಥ 19 ಹೊಡೆತ ಹೊಡೆದರು. ಆ ದಾಖಲೆ ಇನ್ನೂ ಅವರದೇ.

ಇದರಿಂದ ಯಾರಿಗೆ ಏನಾಯಿತು ನೋಡಿ. ಹೆಸರಾಂತ ಬ್ಯಾಟರ್ ಬಿಲ್ ಟೆರಿಯ 0.401 ಸರಾಸರಿ 1930ರದು, ಉದಾರ ನಿಯಮದ ಕಡೆಯ ವರ್ಷದ್ದು. ಟೆಡ್ ವಿಲಿಯಮ್ಸ್‌ನ 0.406 ಬಂದದ್ದು 1941ರಲ್ಲಿ, ಇಂಥ ಪ್ರತಿ ಹೊಡೆತವೂ ಬರಿಯ ಔಟಾಗಿದ್ದ ಕಾಲದಲ್ಲಿ. ಋತುವಿನ ಕಡೆಯ ದಿನದ ಆಟಕ್ಕೆ ಮುನ್ನ ಅವನ ಸರಾಸರಿ 0.39955, ಆಡದೆ ಕೂತಿದ್ದರೂ 0.400 ಎಂದೇ ದಾಖಲಾಗುತ್ತಿತ್ತು. ಅವನು ಫಿಲಡೆಲ್ಫಿಯಾದಲ್ಲಿ ಅಂದಿನ ಎರಡೂ ಪಂದ್ಯ ಆಡಿ ಎಂಟು ಸರದಿಗಳಲ್ಲಿ ಆರು ಹಿಟ್ ಗಳಿಸಿದ. ಇಬ್ಬರ ಅಂಕಿಗಳನ್ನು ಒಂದೇ ಪಟ್ಟಿಯಲ್ಲಿ ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಮ್ಮ ಕ್ರಿಕೆಟ್ಟಿಗೆ ಈ ಕಲಮೇ ಇಲ್ಲ. ಕಾಲೇಜು ದಿನಗಳಲ್ಲಿ ಜಿಲ್ಲಾ ಪಂದ್ಯಗಳಿಗೆ ನಾನೂ ಸ್ಕೋರ್ ಬರೆಯುತ್ತಿದ್ದೆ. ಒಮ್ಮೆ, ಕುದುರಿಕೊಂಡಿದ್ದ ಜೊತೆಗಾರನನ್ನು ಉಳಿಸಲೆಂದು ಒಬ್ಬ ಹುಡುಗ ತಾನೇ ಅಪಾಯದ ತುದಿಗೆ ಓಡಿ ರನ್ ಔಟಾದ. ಪಂದ್ಯ ಗೆದ್ದೆವು. ಸಂಜೆ ಅವನು ನನ್ನ ಪುಸ್ತಕದ ಮೇಲೆ ಬಗ್ಗಿ ತನ್ನ ಸಾಲು ಹುಡುಕಿದ: ‘ರನ್ ಔಟ್, 4’. ಏನೂ ಹೇಳದೆ ಕಿಟ್ ಹೊತ್ತುಕೊಂಡು ಹೋದ. ಮರುದಿನದ ಪತ್ರಿಕೆಯಲ್ಲೂ ಅಷ್ಟೇ ಇತ್ತು.

ಆಟದ ಮಾತಷ್ಟೇ ಅಲ್ಲ. ಊರ ಶಾಲೆಗಳ ಶತಮಾನೋತ್ಸವದ ಸ್ಮರಣ ಸಂಚಿಕೆಗಳು ನಮ್ಮ ಕಚೇರಿಗೆ ಬರುತ್ತಿರುತ್ತವೆ. ದಾನಿಗಳ ಭಾವಚಿತ್ರಗಳು ಪುಟಗಟ್ಟಲೆ. ಗೋಡೆಗೆ ಕಲ್ಲು ಹೊತ್ತವರು, ಅರ್ಧ ಸಂಬಳದಲ್ಲಿ ಪಾಠ ಹೇಳಿದವರು ‘ಮತ್ತಿತರರು’ ಎಂಬ ಒಂದು ಪದದೊಳಗೆ ಸೇರಿಹೋಗಿರುತ್ತಾರೆ. ಅದನ್ನು ಓದುವಾಗ ನನಗೆ ಆ ‘ರನ್ ಔಟ್, 4’ ನೆನಪಾಗುತ್ತದೆ.

‘ತ್ಯಾಗ’ ದೊಡ್ಡ ಮಾತೆನಿಸಿದರೆ ಬೇರೆ ಹೆಸರು ಸೂಚಿಸಿ, ಅಚ್ಚು ಹಾಕುತ್ತೇವೆ. ಅಲ್ಲಿಯತನಕ ಮಗನ ಸಾಲಿನಲ್ಲಿ ‘ಎಸ್‌.ಎಫ್‌.’ ಎಂದೇ ಬರೆಯಿರಿ, ಪಕ್ಕದಲ್ಲಿ ಮನೆ ಸೇರಿದ ಹುಡುಗನ ಹೆಸರನ್ನೂ.